ಕಣ್ಣು ಕೊಟ್ಟು ಕತ್ತು ಕಸಿಯುವ ಕ್ಯಾಮೆರಾ

ಮೊಬೈಲಿನಲ್ಲಿ ವಿಡಿಯೊ ಚಾಲೂ ಮಾಡಿ, ಕೈಯಲ್ಲಿ ಹಿಡಿದುಕೊಂಡು ಬೀದಿಯ ಕೊನೆವರೆಗೆ ಒಮ್ಮೆ ಓಡಿ. ವಾಪಸು ಬಂದು ಅದನ್ನು ನೋಡಿದರೆ ತಲೆ ಗಿರ್ರೆನ್ನುತ್ತದೆ. ನೆಲ, ಆಕಾಶ, ಕಾಂಪೌಂಡು ಗೋಡೆ, ನಿಮ್ಮದೇ ಚಪ್ಪಲಿ, ಮತ್ತೆ ಆಕಾಶ. ಓಡುವಾಗ ನಿಮ್ಮ ಕಣ್ಣಿಗೆ ಬೀದಿ ಹೀಗೆ ಕಂಡಿರಲಿಲ್ಲ. ಮನೆಗಳು ಇದ್ದಲ್ಲೇ ಇದ್ದವು, ಎದುರಿಗೆ ಸೈಕಲ್ಲಿನಲ್ಲಿ ಬಂದ ಹುಡುಗ ಯಾರೆಂದು ಗುರುತೂ ಸಿಕ್ಕಿತ್ತು.

ಇದು ಒಳಗಿವಿಯ ಕೆಲಸ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದ ಕೂಡಲೇ ಆ ದ್ರವದ ಚಲನೆಯಿಂದ ಸುದ್ದಿ ಹೊರಟು, ಸುಮಾರು 10 ಮಿಲಿಸೆಕೆಂಡುಗಳಲ್ಲಿ ಕಣ್ಣಿನ ಸ್ನಾಯುಗಳನ್ನು ತಲುಪುತ್ತದೆ. ತಲೆ ಎಡಕ್ಕೆ ಹೋದಷ್ಟೇ ಕಣ್ಣುಗುಡ್ಡೆ ಬಲಕ್ಕೆ ಹೊರಳುತ್ತದೆ, ನೋಟ ನಿಂತಲ್ಲೇ ನಿಲ್ಲುತ್ತದೆ. ಪರೀಕ್ಷೆ ಸುಲಭ. ಈ ಪುಟವನ್ನು ಜೋರಾಗಿ ಅಲುಗಾಡಿಸಿ ಓದಲು ನೋಡಿ, ಅಕ್ಷರಗಳು ಕಲಸಿಹೋಗುತ್ತವೆ. ಪುಟವನ್ನು ಹಾಗೇ ಹಿಡಿದು ಅಷ್ಟೇ ಜೋರಾಗಿ ತಲೆಯನ್ನು ಆಡಿಸಿ, ಓದಬಹುದು.

ಹಾಗಿದ್ದರೆ ‘ಫೌಂಡ್ ಫುಟೇಜ್’ ಎಂಬ ಜಾತಿಯ ದೆವ್ವದ ಸಿನಿಮಾಗಳ ಬಗ್ಗೆ ಎಲ್ಲರೂ ಹೇಳುವ ಮಾತನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಯಾರೋ ಕಾಣೆಯಾದರು, ಅವರ ಕ್ಯಾಮೆರಾ ಸಿಕ್ಕಿತು, ಅದರಲ್ಲಿದ್ದದ್ದನ್ನೇ ನಿಮಗೆ ತೋರಿಸುತ್ತಿದ್ದೇವೆ ಎಂಬ ನಾಟಕ ಈ ಸಿನಿಮಾಗಳದ್ದು. ಕ್ಯಾಮೆರಾ ಅಲುಗಾಡುವುದರಿಂದ ನಾವೇ ಅಲ್ಲಿದ್ದಂತೆ ಅನ್ನಿಸುತ್ತದೆ, ಅದಕ್ಕೇ ಭಯ ಎನ್ನುತ್ತಾರೆ. ಆದರೆ ದೆವ್ವ ಅಟ್ಟಿಸಿಕೊಂಡು ಬಂದರೂ ನಮ್ಮ ಕಣ್ಣಿಗೆ ಲೋಕ ಹಾಗೆ ಅಲುಗಾಡುವುದಿಲ್ಲ. ಅಲುಗಾಡುವ ಚಿತ್ರ ಹೋಲುವುದು ವಿಡಿಯೊವನ್ನು. ಮದುವೆ ಕ್ಯಾಸೆಟ್ಟು, ಅಪಘಾತದ ದೃಶ್ಯ, ಟಿವಿ ಸುದ್ದಿ ನೋಡಿ ನೋಡಿ, ನಡುಗುವ ಚಿತ್ರ ಎಂದರೆ ಸಾಕ್ಷಿ ಎಂದು ನಾವು ಕಲಿತುಬಿಟ್ಟಿದ್ದೇವೆ. ನಡುಕದಿಂದ ನೇರವಾಗಿ ಸಿಗುವುದು ಹೊಟ್ಟೆ ತೊಳಸುವಿಕೆ ಮಾತ್ರ. ಕಣ್ಣು ‘ಓಡುತ್ತಿದ್ದೇವೆ’ ಎನ್ನುತ್ತದೆ, ಒಳಗಿವಿ ‘ಕುರ್ಚಿಯಲ್ಲಿ ಕೂತಿದ್ದೇವೆ’ ಎನ್ನುತ್ತದೆ, ಜಗಳಕ್ಕೆ ಹೊಟ್ಟೆ ಬಲಿ. 2008ರಲ್ಲಿ ‘ಕ್ಲೋವರ್‌ಫೀಲ್ಡ್’ ಬಂದಾಗ ಅಮೆರಿಕದ ಕೆಲವು ಚಿತ್ರಮಂದಿರಗಳು ಇದರ ಬಗ್ಗೆ ಎಚ್ಚರಿಕೆಯ ಬೋರ್ಡು ಹಾಕಿದ್ದವು.

ನನ್ನ ಪ್ರಕಾರ ಭಯದ ಗುಟ್ಟು ಬೇರೆ ಕಡೆ ಇದೆ. ಈ ಸಿನಿಮಾಗಳು ನಮಗೆ ಒಬ್ಬರ ಕಣ್ಣನ್ನು ಕೊಡುತ್ತವೆ, ಕತ್ತನ್ನು ಕೊಡುವುದಿಲ್ಲ.

ಮನುಷ್ಯನ ಎರಡೂ ಕಣ್ಣು ಸೇರಿ ಅಡ್ಡಡ್ಡವಾಗಿ ಸುಮಾರು 200 ಡಿಗ್ರಿ ನೋಡುತ್ತವೆ. ಅದರಲ್ಲಿ ನಿಚ್ಚಳವಾಗಿ ಕಾಣುವುದು ನಟ್ಟನಡುವಿನ ಒಂದೆರಡು ಡಿಗ್ರಿ ಮಾತ್ರ, ಕೈ ಚಾಚಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು. ಉಳಿದದ್ದು ಕಾವಲು. ಅಂಚಿನಲ್ಲಿ ಏನೋ ಸರಿದರೆ ಸಾಕು, ಯೋಚನೆಗೂ ಮೊದಲೇ ಕಣ್ಣು, ಕತ್ತು ಅತ್ತ ತಿರುಗುತ್ತವೆ. ಕೈಯಲ್ಲಿ ಹಿಡಿದ ಕ್ಯಾಮೆರಾ ಈ ಅಂಚನ್ನೆಲ್ಲ ಕತ್ತರಿಸಿ ಹಾಕುತ್ತದೆ. ಕಾಡಿನಲ್ಲಿ ಬಲಗಡೆ ಕಡ್ಡಿ ಮುರಿದ ಸದ್ದಾದರೆ ನಮ್ಮ ಕತ್ತು ತಿರುಗುತ್ತದೆ, ಚಿತ್ರ ತಿರುಗುವುದಿಲ್ಲ. ಮಾಮೂಲಿ ಸಿನಿಮಾದಲ್ಲಿ ನಿರ್ದೇಶಕ ದಯೆಯಿಟ್ಟು ಬಾಗಿಲ ಆಚೆಗಿನದನ್ನೂ ಒಮ್ಮೆ ತೋರಿಸುತ್ತಾನೆ. ಇಲ್ಲಿ ಆ ದಯೆ ಇಲ್ಲ. ಹೆದರಿ ಕೈ ನಡುಗುತ್ತಿರುವ ಯಾರೋ ತಿರುಗಿಸುವವರೆಗೆ ನಾವು ಕಾಯಬೇಕು.

ಕಾಯುವುದೇ ಹಿಂಸೆ ಎನ್ನುವುದಕ್ಕೆ ಒಳ್ಳೆಯ ಪ್ರಯೋಗವೊಂದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2016ರಲ್ಲಿ ಪ್ರಕಟಿಸಿದ್ದು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ, ಪರದೆಯ ಮೇಲೆ ಬರುವ ಬಂಡೆಗಳ ಅಡಿ ಹಾವಿದೆಯೋ ಇಲ್ಲವೋ ಊಹಿಸಲು ಹೇಳಿದರು. ಹಾವಿದ್ದರೆ ಕೈಗೆ ನೋವಾಗುವಂಥ ಸಣ್ಣ ವಿದ್ಯುತ್ ಶಾಕ್. ಬೆವರನ್ನೂ ಕಣ್ಣಪಾಪೆಯ ಹಿಗ್ಗುವಿಕೆಯನ್ನೂ ಅಳೆದರು. ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಆದ ಒತ್ತಡಕ್ಕಿಂತ, ಆಗಬಹುದು ಆಗದಿರಬಹುದು ಎಂಬ ಐವತ್ತು-ಐವತ್ತರ ಸ್ಥಿತಿಯಲ್ಲಿ ಒತ್ತಡ ಹೆಚ್ಚಿತ್ತು. ಹಾವು ಇದ್ದೇ ಇದೆ ಎಂದಾದರೆ ಮೈ ಒಂದು ತೀರ್ಮಾನಕ್ಕೆ ಬರುತ್ತದೆ. ಖಚಿತವಿಲ್ಲದಿದ್ದರೆ ಲೆಕ್ಕ ಹಾಕುತ್ತಲೇ ಇರುತ್ತದೆ.

‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ 81 ನಿಮಿಷ ಮಾಡುವುದು ಇಷ್ಟನ್ನೇ. ಡೇನಿಯಲ್ ಮಿರಿಕ್ ಮತ್ತು ಎಡ್ವರ್ಡೊ ಸಾಂಚೆಸ್ 1997ರ ಅಕ್ಟೋಬರಿನಲ್ಲಿ ಅಮೆರಿಕದ ಮೇರಿಲ್ಯಾಂಡ್ ಕಾಡಿನಲ್ಲಿ ಎಂಟು ದಿನದಲ್ಲಿ ತೆಗೆದ ಚಿತ್ರ, ತೆರೆಗೆ ಬಂದದ್ದು 1999ರಲ್ಲಿ. ಮಾಟಗಾತಿಯ ಐತಿಹ್ಯ ಹುಡುಕಿಕೊಂಡು ಕಾಡಿಗೆ ಹೋಗುವ ಮೂವರು ವಿದ್ಯಾರ್ಥಿಗಳ ಕಥೆ. ಮುಖ್ಯ ನಟರು ಮೂವರೇ, ಪಾತ್ರಗಳಿಗೂ ಅವರದೇ ಹೆಸರು, ಕ್ಯಾಮೆರಾ ಹಿಡಿದವರೂ ಅವರೇ. ಬರೆದ ಸಂಭಾಷಣೆ ಇರಲಿಲ್ಲ. ಆಯಾ ದಿನದ ಸೂಚನೆಗಳನ್ನು ಡಬ್ಬಿಯಲ್ಲಿಟ್ಟು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೊಡುತ್ತಿದ್ದರು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಾಗುತ್ತಿರಲಿಲ್ಲ. ದಿನ ಕಳೆದಂತೆ ಊಟ ಕಡಿಮೆ ಮಾಡಿದರು. ರಾತ್ರಿ ನಿರ್ದೇಶಕರೇ ಹೋಗಿ ಡೇರೆ ಅಲುಗಾಡಿಸಿದರು, ಕತ್ತಲಲ್ಲಿ ಮಕ್ಕಳ ದನಿ ಕೇಳಿಸಿದರು. ಮಾಟಗಾತಿ ಒಂದು ಸಲವೂ ಕಾಣುವುದಿಲ್ಲ. ಕಂಡಿದ್ದರೆ ಕಥೆ ಮುಗಿದೇಹೋಗುತ್ತಿತ್ತು.

ಕತ್ತಲೆಯ ಪಾತ್ರವೂ ದೊಡ್ಡದೇ. ಈ ಚಿತ್ರೀಕರಣ ನಡೆದ 1997ರಲ್ಲೇ ಕ್ರಿಶ್ಚಿಯನ್ ಗ್ರಿಯಾನ್ ಎಂಬ ಸಂಶೋಧಕ ಮತ್ತು ಸಂಗಡಿಗರು, ಕತ್ತಲೆಯಲ್ಲಿ ಕೂತ ಮನುಷ್ಯರು ದಿಢೀರ್ ಸದ್ದಿಗೆ ಬೆಳಕಿನಲ್ಲಿರುವವರಿಗಿಂತ ಹೆಚ್ಚು ಬೆಚ್ಚುತ್ತಾರೆ ಎಂದು ತೋರಿಸಿದರು. ಇಲಿಗಳಲ್ಲಿ ಇದು ತಿರುಗುಮುರುಗು. ಅವು ಹೆಚ್ಚು ಬೆಚ್ಚುವುದು ಪ್ರಖರ ಬೆಳಕಿನಲ್ಲಿ. ನಿಶಾಚರಿಗೆ ಅದರದ್ದೇ ಲೆಕ್ಕ.

ಕಿವಿಗೆ ಬರೋಣ. ಈ ಜಾತಿಯ ಚಿತ್ರಗಳಲ್ಲಿ ಹಿನ್ನೆಲೆ ಸಂಗೀತ ಸಾಮಾನ್ಯವಾಗಿ ಇರುವುದಿಲ್ಲ. ಸಿಕ್ಕ ಟೇಪಿನಲ್ಲಿ ಪಿಟೀಲು ಎಲ್ಲಿಂದ ಬರಬೇಕು? ‘ಈಗ ಹೆದರಿ’ ಎಂದು ಮುನ್ಸೂಚನೆ ಕೊಡುವವರಿಲ್ಲ. ಉಳಿಯುವುದು ಉಸಿರು, ಎಲೆ ತುಳಿದ ಸದ್ದು, ಕಿರುಚಾಟ. ಕಿರುಚಾಟಕ್ಕೊಂದು ವಿಶೇಷ ಗುಣವಿದೆ ಎಂದು ಲ್ಯೂಕ್ ಆರ್ನಲ್, ಡೇವಿಡ್ ಪೊಪೆಲ್ ಮುಂತಾದ ಸಂಶೋಧಕರು 2015ರಲ್ಲಿ ಬರೆದರು. ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ. ಕಿರುಚಾಟದಲ್ಲಿ ಅದು 30ರಿಂದ 150 ಸಲ. ಈ ಒರಟುತನಕ್ಕೆ ಮೆದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಭಾಗ ಚುರುಕಾಗುತ್ತದೆ.

ಬ್ಲೇರ್ ವಿಚ್‌ನ ಕೊನೆಯ ದೃಶ್ಯವನ್ನು ಹೆಡ್‌ಫೋನ್ ಹಾಕಿಕೊಂಡು ನೋಡಬೇಕು. ಪಾಳುಮನೆಯ ಮೆಟ್ಟಿಲಿಳಿದು ಮೂವರಲ್ಲಿ ಒಬ್ಬಳಾದ ಹೆದರ್ ಓಡುತ್ತಿದ್ದಾಳೆ. ಅವಳ ಕೈಯಲ್ಲಿರುವುದು ಕಪ್ಪು-ಬಿಳುಪಿನ 16 ಎಂಎಂ ಕ್ಯಾಮೆರಾ, ಅದಕ್ಕೆ ದನಿ ಹಿಡಿಯುವ ಶಕ್ತಿಯಿಲ್ಲ. ನಮಗೆ ಕೇಳಿಸುತ್ತಿರುವುದು ಮೊದಲೇ ನೆಲಮಾಳಿಗೆಗೆ ಹೋದ ಸಂಗಡಿಗ ಮೈಕ್‌ನ ವಿಡಿಯೊ ಕ್ಯಾಮೆರಾ ಹಿಡಿದ ದನಿ. ಹಾಗಾಗಿ ನಾವು ಅವಳ ಕಣ್ಣಿನೊಳಗಿದ್ದರೂ ಅವಳ ಕಿರುಚಾಟ ದೂರದಿಂದ ಬರುತ್ತದೆ, ಅವಳು ಇಳಿದಂತೆಲ್ಲ ಹತ್ತಿರವಾಗುತ್ತದೆ. ಕಣ್ಣೊಂದು ಕಡೆ, ಕಿವಿಯೊಂದು ಕಡೆ. ಕೆಳಗೆ ಮೈಕ್ ಗೋಡೆಗೆ ಮುಖಮಾಡಿ ಮೂಲೆಯಲ್ಲಿ ನಿಂತಿದ್ದಾನೆ. ಅಷ್ಟೇ. ಕೊಲೆಗಾರನೊಬ್ಬ ಒಂದು ಮಗುವನ್ನು ಮೂಲೆಗೆ ನಿಲ್ಲಿಸಿ ಇನ್ನೊಂದನ್ನು ಕೊಲ್ಲುತ್ತಿದ್ದನೆಂದು ಆರಂಭದಲ್ಲಿ ಊರಿನವರೊಬ್ಬರು ಹೇಳಿದ್ದು ನೆನಪಾದವರಿಗೆ ಮಾತ್ರ ಬೆನ್ನು ಜುಂ ಎನ್ನುತ್ತದೆ.

ಅಲುಗಾಟವೇ ಗುಟ್ಟಲ್ಲ ಎಂಬುದಕ್ಕೆ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ (2007) ಸಾಕು. ಓರೆನ್ ಪೆಲಿ ಸುಮಾರು 15,000 ಡಾಲರಿನಲ್ಲಿ ಸ್ಯಾನ್ ಡಿಯಾಗೊದ ತನ್ನ ಸ್ವಂತ ಮನೆಯಲ್ಲೇ ತೆಗೆದ ಚಿತ್ರ. ಗಳಿಕೆ 19 ಕೋಟಿ ಡಾಲರಿಗೂ ಮೇಲೆ. ಅದರ ಭಯಂಕರ ದೃಶ್ಯಗಳಲ್ಲಿ ಕ್ಯಾಮೆರಾ ಟ್ರೈಪಾಡಿನ ಮೇಲೆ ಕಲ್ಲಿನಂತೆ ಕೂತಿದೆ. ಬಲಗಡೆ ಮಲಗಿದ ಜೋಡಿಯ ಹಾಸಿಗೆ, ಎಡಗಡೆ ತೆರೆದ ಬಾಗಿಲು, ಆಚೆ ಕತ್ತಲೆ, ಚಿತ್ರದ ಮೂಲೆಯಲ್ಲಿ ಓಡುವ ಗಡಿಯಾರ. ಒಂದು ರಾತ್ರಿ ಆ ಜೋಡಿಯ ಹುಡುಗಿ ಕೇಟಿ ಎದ್ದು ಮಂಚದ ಪಕ್ಕ ನಿಂತು ಮಲಗಿದವನನ್ನೇ ನೋಡುತ್ತಾಳೆ. ಗಡಿಯಾರದಲ್ಲಿ ಗಂಟೆಗಳು ಸರಸರನೆ ಉರುಳುತ್ತವೆ, ಅವಳು ಕದಲುವುದಿಲ್ಲ. ಇಲ್ಲಿ ನಮಗೆ ಕೊಟ್ಟಿರುವುದು ತಿರುಗಲೇಬಾರದ ಕತ್ತು. ಏನೂ ನಡೆಯದ ಆ ಚಿತ್ರವನ್ನು ನಾವು ಮೂಲೆ ಮೂಲೆ ಜಾಲಾಡುತ್ತೇವೆ: ಬಾಗಿಲು ಈಗ ಅಲುಗಿತೇ?

ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದವರು 2020ರಲ್ಲಿ, ಜನರನ್ನು ಮೆದುಳಿನ ಸ್ಕ್ಯಾನರಿನೊಳಗೆ ಮಲಗಿಸಿ ಭಯದ ಚಿತ್ರ ತೋರಿಸಿದಾಗ ಕಂಡದ್ದು ಇದೇ ಜಾಲಾಟ. ಆತಂಕ ನಿಧಾನವಾಗಿ ಏರುವಾಗ ನೋಡುವ, ಕೇಳುವ ಭಾಗಗಳು ಚುರುಕಾದವು. ಥಟ್ಟನೆ ಬೆಚ್ಚಿಬಿದ್ದಾಗ ಭಾವನೆ ಮತ್ತು ತೀರ್ಮಾನಕ್ಕೆ ಸಂಬಂಧಿಸಿದ ಭಾಗಗಳು ಎದ್ದವು. ಅವರು ಬಳಸಿದ್ದು ‘ಇನ್ಸಿಡಿಯಸ್’, ‘ದ ಕಾಂಜ್ಯೂರಿಂಗ್ 2’ ಎಂಬ ಮಾಮೂಲಿ ಶೈಲಿಯ ಚಿತ್ರಗಳನ್ನು. ಫೌಂಡ್ ಫುಟೇಜ್ ಮೊದಲನೆಯ ಸ್ಥಿತಿಯನ್ನೇ ಗಂಟೆಗಟ್ಟಲೆ ಎಳೆಯುತ್ತದೆ ಎಂಬುದು ನನ್ನ ಊಹೆ.

ನಿಜವೆಂದು ನಂಬಿದ್ದರಿಂದ ಜನ ಹೆದರಿದರು ಎಂಬ ವಾದವೂ ಇದೆ. ನಂಬಿಸಲು ಪಟ್ಟ ಪಾಡಂತೂ ನಿಜ. ಇಟಲಿಯ ರುಜೆರೊ ದೆಯೊದಾತೊ 1980ರಲ್ಲಿ ‘ಕ್ಯಾನಿಬಲ್ ಹೊಲೋಕಾಸ್ಟ್’ ತೆಗೆದು ಕೊಲೆ ಆರೋಪ ಹೊತ್ತು, ನಟರು ಬದುಕಿದ್ದಾರೆಂದು ಸಾಬೀತು ಮಾಡಬೇಕಾಯಿತು. ಬ್ಲೇರ್ ವಿಚ್‌ಗಾಗಿ ‘ಕಾಣೆಯಾಗಿದ್ದಾರೆ’ ಎಂಬ ಪೋಸ್ಟರುಗಳೂ ವೆಬ್‌ಸೈಟೂ ಬಂದವು. 1992ರ ಅಕ್ಟೋಬರ್ 31ರಂದು ಬಿಬಿಸಿ ‘ಗೋಸ್ಟ್‌ವಾಚ್’ ಎಂಬ ನಾಟಕವನ್ನು ನೇರಪ್ರಸಾರದಂತೆ ತೋರಿಸಿತು. ಮೈಕಲ್ ಪಾರ್ಕಿನ್ಸನ್ ಎಂಬ ನಂಬಿಕಸ್ಥ ನಿರೂಪಕರೇ ಅದರಲ್ಲಿದ್ದರು. ಅದನ್ನು ನೋಡಿ ಮಾನಸಿಕ ಆಘಾತಕ್ಕೆ ಒಳಗಾದ ಹತ್ತು ವರ್ಷದ ಇಬ್ಬರು ಹುಡುಗರ ವಿಷಯ 1994ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿಯಾಯಿತು. ಮಕ್ಕಳ ಮಟ್ಟಿಗೆ ನಂಬಿಕೆ ದೊಡ್ಡದೇ ಇರಬೇಕು. ದೊಡ್ಡವರ ಮಾತು ಬೇರೆ. ಎಲ್ಲವೂ ಕಟ್ಟುಕಥೆ ಎಂದು ಗೊತ್ತಿರುವವರೂ ಇವತ್ತಿಗೂ ಆ ಮೂಲೆಯಲ್ಲಿ ನಿಂತವನನ್ನು ಕಂಡು ಬೆವರುತ್ತಾರೆ. ಬೆಚ್ಚುವ ನರಮಂಡಲ ‘ಇದು ಕಾಲ್ಪನಿಕ’ ಎಂಬ ಸ್ಲೈಡು ಓದಿಕೊಂಡು ಕೂರುವುದಿಲ್ಲ.

ಕನ್ನಡದಲ್ಲಿ ಈ ದಾರಿ ತೆರೆದದ್ದು ಕೆ.ಎಸ್. ಅಶೋಕ ನಿರ್ದೇಶನದ ‘6-5=2’. 2013ರಲ್ಲಿ ಬಂದ, ಪಶ್ಚಿಮ ಘಟ್ಟಕ್ಕೆ ಟ್ರೆಕ್ಕಿಂಗ್ ಹೋದ ಆರು ಗೆಳೆಯರ ಕಥೆ. ಮರುವರ್ಷವೇ ಹಿಂದಿಗೂ ಹೋಯಿತು. ಕನ್ನಡದ ಚಿತ್ರದಲ್ಲಿ ಹೊಸಮುಖಗಳೇ ತುಂಬಿದ್ದು ನಂಬಿಸಲು ಅನುಕೂಲವಾಯಿತು. ಕಟೌಟಿಗೆ ಹಾಲೆರೆಸಿಕೊಂಡ ಮುಖವೊಂದು ಸಿಕ್ಕ ಟೇಪಿನಲ್ಲಿ ಕಾಣಿಸಿದ್ದರೆ ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತಿತ್ತು.

ಈ ಜಾತಿಯ ಚಿತ್ರಗಳೆಲ್ಲ ಎಡವುವುದು ಒಂದೇ ಕಡೆ. ಪ್ರಾಣ ಹೋಗುವ ಹೊತ್ತಿನಲ್ಲೂ ಇವನೇಕೆ ಕ್ಯಾಮೆರಾ ಬಿಸಾಕಿ ಓಡುತ್ತಿಲ್ಲ ಎಂದು ಪ್ರೇಕ್ಷಕನಿಗೆ ಒಮ್ಮೆ ಅನ್ನಿಸಿತೋ, ಮುಗಿಯಿತು. ಎರವಲು ಕಣ್ಣನ್ನು ಅವನು ಅಲ್ಲೇ ವಾಪಸು ಕೊಟ್ಟುಬಿಡುತ್ತಾನೆ. ಟ್ರೈಪಾಡು ಇದಕ್ಕೊಂದು ಉಪಾಯ. ಇನ್ನೂ ಜಾಣ ಉಪಾಯ ಕೊರೋನಾ ಲಾಕ್‌ಡೌನಿನಲ್ಲಿ ಸಿಕ್ಕಿತು. ಬ್ರಿಟನ್ನಿನ ರಾಬ್ ಸ್ಯಾವೇಜ್ 2020ರಲ್ಲಿ ತೆಗೆದ ‘ಹೋಸ್ಟ್’ ಇಡೀ ಚಿತ್ರ ಒಂದು ಜೂಮ್ ಕರೆ. ಗೆಳೆಯರು ಆನ್‌ಲೈನಿನಲ್ಲೇ ಪ್ರೇತವನ್ನು ಕರೆಯುತ್ತಾರೆ. ನಟರು ತಂತಮ್ಮ ಮನೆಗಳಲ್ಲಿ ತಾವೇ ಕ್ಯಾಮೆರಾ ಇಟ್ಟುಕೊಂಡು ನಟಿಸಿದ್ದು. ಲ್ಯಾಪ್‌ಟಾಪನ್ನು ಯಾಕೆ ಆರಿಸುತ್ತಿಲ್ಲ ಎಂದು ಆ ವರ್ಷ ಕೇಳುವವರಿರಲಿಲ್ಲ. ಇಡೀ ಲೋಕ ಅದರ ಮುಂದೆಯೇ ಕೂತಿತ್ತು.