ಸೋರುವ ಕಿಡಿಕಿಗಳು

ಮನೆಗೆ ಕಿಡಿಕಿಯು ಕಣ್ಣಿದ್ದಂತೆ. ಸಂಸ್ಕೃತದಲ್ಲಿ ಅದಕ್ಕೆ ಗವಾಕ್ಷವೆಂದು ಹೆಸರು. ಗೋವಿನ ಕಣ್ಣೆಂದು ಅದರರ್ಥ. ವಾತಾಯನವೆಂಬ ಇನ್ನೊಂದು ಹೆಸರು ಅದು ಗಾಳಿಯ ದಾರಿಯೆಂಬದನ್ನು ತಿಳಿಸುವದು. ಗಾಳಿ ಬೆಳಕುಗಳಿಗಾಗಿ ತೆರೆದ ಈ ದಾರಿಯಲ್ಲಿ ನೀರು ಕರೆಯದೆ ಬಂದರೆ ಏನು ಮಾಡತಕ್ಕದ್ದೆಂಬದನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿರುವೆವು. ವಿಷಯವು ತೀರ ಅಲ್ಪವಾದದ್ದೆಂದು ಕೆಲವರಿಗೆ ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು. ಒಂದು ಗೋಡೆಯನ್ನು ಕಳಕೊಂಡ ಮೇಲೆ ನಮ್ಮ ಅಭಿಪ್ರಾಯವು ಬದಲಾಯಿತು.

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಮಳೆ ಕಡಿಮೆ. ವರ್ಷಕ್ಕೆ 600 ಮಿಲಿಮೀಟರಿನ ಆಚೆ ಈಚೆ ಬೀಳುವದು. ಆದರೆ ಹುಬ್ಬೆ, ಉತ್ತರೆ, ಹಸ್ತ ಮಳೆಗಳು ಒಮ್ಮೊಮ್ಮೆ ಬೇಸಗೆಯಿಂದ ತಡೆದಿಟ್ಟುಕೊಂಡ ಸಿಟ್ಟನ್ನೆಲ್ಲ ಎರಡೇ ದಿನಗಳಲ್ಲಿ ತೀರಿಸಿಕೊಳ್ಳುವವು. ನಮ್ಮ ಹಿರಿಯರು ಕಟ್ಟಿದವು ಮಣ್ಣಿನ ಮಾಳಿಗೆಯ ಮನೆಗಳು: ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ದಪ್ಪನಾಗಿ ಮಣ್ಣು. ಹೊಲದ ಎರೆಮಣ್ಣು ಈ ಕೆಲಸಕ್ಕೆ ಬಾರದು. ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವದು ಅದರ ಸ್ವಭಾವ. ಆದದರಿಂದಲೇ ಅವರು ಸವಳು ಮಣ್ಣನ್ನು ಆರಿಸಿ ತಂದು ಹರವುತ್ತಿದ್ದರು. ಅದರಲ್ಲಿರುವ ಸೋಡಿಯಮ್ಮಿನ ದೆಸೆಯಿಂದ ಮಣ್ಣಿನ ಸೂಕ್ಷ್ಮ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುವವೆಂದು ಇಂದಿನ ಶಾಸ್ತ್ರಜ್ಞರು ಹೇಳುವರು. ಬೆಳೆಗೆ ಶತ್ರುವಾದ ಮಣ್ಣೇ ಮನೆಗೆ ಮಿತ್ರನಾಯಿತು! ಮಾಳಿಗೆಯ ನಡುವೆ ಬೆಳಕಿಂಡಿ. ಅದರ ಸುತ್ತಲೂ ಗೇಣೆತ್ತರದ ಕಟ್ಟೆ. ನಾಲ್ಕು ಹನಿ ಬಿದ್ದೊಡನೆ ನಮ್ಮ ತಾಯಿಯವರು ಕೆಳಗಿನಿಂದ “ಬೆಳಕಿಂಡಿ ಮುಚ್ಚರೋ” ಎಂದು ಕೂಗುವದೂ, ನಾವು ಪುಸ್ತಕ ಬಿಸುಟು ನಿಚ್ಚಣಿಕೆ ಹತ್ತುವದೂ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಮಾಳಿಗೆಗೆ ಇಷ್ಟು ಕಾಳಜಿ ಮಾಡಿದ ನಾವು ಕಿಡಿಕಿಯನ್ನು ಮರೆತೆವು. 2008ರ ಮಳೆಗಾಲದಲ್ಲಿ ನಡುಮನೆಯ ಕಿಡಿಕಿಯ ಕೆಳಗೆ ಅಂಗೈಯಗಲದ ತೇವವು ಕಾಣಿಸಿತು. ಒಬ್ಬ ಗೌಂಡಿಯನ್ನು ಕರೆದು ತೋರಿಸಲು ಅವನು ಚೌಕಟ್ಟಿನ ಸುತ್ತಲೂ ಹೊರಗೋಡೆಗೆ ಸಿಮೆಂಟು ಮೆತ್ತಿ, ಇನ್ನು ಹತ್ತು ವರ್ಷ ಚಿಂತೆಯಿಲ್ಲವೆಂದು ಹೇಳಿ ಹೋದನು. ಗೋಡೆಯು ಅಂದವಾಗಿ ಕಂಡಿತು, ನಾವೂ ಸಂತೋಷಪಟ್ಟೆವು. ಮರುವರ್ಷ, ಅಂದರೆ 2009ರ ಸೆಪ್ಟೆಂಬರ ಕೊನೆಗೆ ಹಸ್ತ ಮಳೆಯು ಉತ್ತರ ಕರ್ನಾಟಕವನ್ನೆಲ್ಲ ತೋಯಿಸಿ, ಅಸಂಖ್ಯ ಮಣ್ಣಿನ ಮನೆಗಳನ್ನು ನೆಲಕ್ಕೆ ಕೆಡವಿದ್ದನ್ನು ವಾಚಕರು ಬಲ್ಲರು. ಎರಡನೆಯ ರಾತ್ರಿ ನಮ್ಮ ಕಿಡಿಕಿಯ ಕೆಳಗಿನ ಗೋಡೆಯು ಒಳಮಗ್ಗುಲಾಗಿ ಕುಸಿಯಿತು. ತಾಯಿಯವರ ಹಾಸಿಗೆಯು ನಿತ್ಯವೂ ಅಲ್ಲಿಯೇ ಇರುತ್ತಿತ್ತು. ಹಸಿಮಣ್ಣಿನ ವಾಸನೆ ತಡೆಯಲಾಗದೆಂದು ಆ ಸಂಜೆ ಅವರು ಅಡಿಗೆಮನೆಗೆ ಹೋಗಿ ಮಲಗಿದ್ದರು. ಉಳಿದದ್ದು ಅಷ್ಟರಿಂದಲೇ, ನಮ್ಮ ಜಾಣತನದಿಂದಲ್ಲ. ಗೋಡೆಯ ಗೂಡಿನಲ್ಲಿದ್ದ, ನಮ್ಮ ತಂದೆಯವರು ಕೈಯಾರೆ ಬರೆದಿಟ್ಟ ಅಮರಕೋಶದ ಟಿಪ್ಪಣಿಗಳು ಮಾತ್ರ ಕೆಸರಿನಲ್ಲಿ ಕರಗಿಹೋದವು.

ಮಳೆ ನಿಂತ ಮೇಲೆ ಗಜೇಂದ್ರಗಡದ ಕಡೆಯ ಒಬ್ಬ ವೃದ್ಧ ಗೌಂಡಿಯನ್ನು ಕರೆಸಿದೆವು. ಬಿದ್ದ ಹೆಂಟೆಯನ್ನು ಒಡೆದು ನೋಡಿ ಅವನು ಹೇಳಿದ್ದು: “ಮಾಸ್ತರ್ರ, ನೀರು ಕಾಣಸೂ ಜಾಗಾ ಬ್ಯಾರೆ, ಹೊಗೂ ಜಾಗಾ ಬ್ಯಾರೆ. ಕಂಡಲ್ಲೆ ಮೆತ್ತಿದ್ರ ಅದು ಹೊರಗ ಹೋಗೂ ದಾರಿನೂ ಮುಚ್ಚತೈತ್ರಿ.” ಈ ಮಾತಿನಲ್ಲಿ ಶಾಸ್ತ್ರವೆಲ್ಲವೂ ಅಡಗಿದೆ. ಕಟ್ಟಿಗೆಯ ಚೌಕಟ್ಟು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವದು. ಬಿರುಸಾದ ಸಿಮೆಂಟು ಅದರ ಸಂಗಡ ಅಲುಗಲಾರದೆ ಕೂದಲೆಳೆಯಷ್ಟು ಬಿರಿಯುವದು. ಅಷ್ಟು ಕಿರಿದಾದ ಸಂದಿಯು ನೀರನ್ನು ತಾನಾಗಿಯೇ ಒಳಗೆ ಎಳೆದುಕೊಳ್ಳುವದು. ಬೀಸುಗಾಳಿಯು ಹಿಂದಿನಿಂದ ನೂಕುವದು. ಒಳಹೊಕ್ಕ ನೀರು ಸಿಮೆಂಟಿನ ಹೊದಿಕೆಯನ್ನು ದಾಟಿ ಆರಲಾರದೆ ಗೋಡೆಯೊಳಗೇ ನಿಲ್ಲುವದು. ನೆನೆದ ಮಣ್ಣಿಗೆ ಭಾರ ಹೊರುವ ಶಕ್ತಿಯೆಲ್ಲಿ?

ಅವನ ರೀತಿಯು ಹೀಗಿತ್ತು. ಮೊದಲು ಪರೀಕ್ಷೆ. ಒಬ್ಬರು ಒಳಗೆ ದೀಪ ಹಿಡಿದು ನಿಲ್ಲತಕ್ಕದ್ದು. ಇನ್ನೊಬ್ಬರು ಹೊರಗಿನಿಂದ ತಂಬಿಗೆಯಿಂದ ಮೆಲ್ಲಗೆ ನೀರು ಹೊಯ್ಯತಕ್ಕದ್ದು. ಮೊದಲು ಕಿಡಿಕಿಯ ಬುಡಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಮಗ್ಗುಲುಗಳಿಗೆ, ಕಟ್ಟಕಡೆಗೆ ನೆತ್ತಿಗೆ. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒದ್ದೆಯಾಗಿ ದೋಷವು ಎಲ್ಲಿರುವದೆಂಬದು ತಿಳಿಯಲಾರದು. ಬಳಿಕ ಹಳೆಯ ಮೆತ್ತಿಗೆಯನ್ನು ಪೂರ್ಣವಾಗಿ ಕೆತ್ತಿ, ಧೂಳು ಒರೆಸಿ, ಒಣಗಿಸುವದು. ಹಳೆಯದರ ಮೇಲೆ ಹೊಸದನ್ನು ಬಳಿಯುವದೆಂದರೆ ಹೊಲಸು ಗಾಯಕ್ಕೆ ಪಟ್ಟಿ ಕಟ್ಟಿದಂತೆ. ಮಣ್ಣಿನ ಗೋಡೆಯ ಸಂದಿಗೆ ನಾರು ತುರುಕಿ ಸುಣ್ಣದ ಗಚ್ಚು ಹಾಕುವದು. ಸುಣ್ಣವು ಗೋಡೆಯ ತೇವವನ್ನು ಆರಗೊಡುವದು. ಗಾಜಿನ ಅಂಚಿಗೆ ಸೀಮೆಸುಣ್ಣದ ಪುಡಿಯನ್ನು ಅಗಸೆಯೆಣ್ಣೆಯಲ್ಲಿ ನಾದಿದ ಪುಟ್ಟಿಯು ಒಳ್ಳೆಯದು. ಆ ಎಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವದು. ಕಿಡಿಕಿಯ ಕೆಳಗಿನ ಕಲ್ಲು ಹೊರಮುಖವಾಗಿ ಇಳಿಜಾರಾಗಿರಬೇಕು. ಗೋಡೆಯಿಂದ ಎರಡು ಬೆರಳು ಮುಂಚಾಚಿ, ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಇರಬೇಕು. ಕಲ್ಲಿನ ಅಡಿಯನ್ನು ಹಿಡಿದು ಗೋಡೆಯತ್ತ ಹಿಂದಿರುಗುವ ನೀರು ಆ ಗೀರಿನಲ್ಲಿ ತಡೆದು ಹನಿಯಾಗಿ ಉದುರುವದು.

ಇದು ಹೊಸ ವಿದ್ಯೆಯೆಂದು ಯಾರೂ ತಿಳಿಯಬಾರದು. ರೋಣದಿಂದ ಬಹುದೂರವಲ್ಲದ ಐಹೊಳೆಯಲ್ಲಿ ಲಾಡಖಾನ ಗುಡಿಯ ಮಾಳಿಗೆಯನ್ನು ನೋಡಿರಿ. ಇಳಿಜಾರಾಗಿ ಹಾಸಿದ ಚಪ್ಪಡಿಗಳ ಸಂದಿಸಂದಿಯ ಮೇಲೂ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕವುಚಿಟ್ಟಿರುವರು. ಸಂದಿಯನ್ನು ತುಂಬುವದಕ್ಕಿಂತ ನೀರು ಸಂದಿಯನ್ನು ಮುಟ್ಟದಂತೆ ಮಾಡುವದು ಮೇಲೆಂಬದನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ಚೆನ್ನಾಗಿ ಅರಿತಿದ್ದರು.

ಈಗ ಹಲವರು ಸಿಮೆಂಟಿನ ಮನೆ ಕಟ್ಟಿ ಅಲ್ಯೂಮಿನಿಯಮ್ ಕಿಡಿಕಿಗಳನ್ನು ಕೂಡ್ರಿಸುವರು. ಅಲ್ಲಿ ಸಿಲಿಕೋನ್ ಎಂಬ ರಬ್ಬರಿನಂತಹ ಅಂಟು ಉಪಯುಕ್ತವಾದದ್ದು. ಚೌಕಟ್ಟು ಬಿಸಿಲಿಗೆ ಹಿಗ್ಗಿ ಕುಗ್ಗಿದರೂ ಅದು ಜೊತೆಗೆ ಎಳೆದುಕೊಳ್ಳುವದು. ಆದರೆ ಇಂತಹ ಕಿಡಿಕಿಗಳ ಕೆಳಪಟ್ಟಿಯಲ್ಲಿ ಒಳಸೇರಿದ ನೀರು ಹೊರಬೀಳಲೆಂದು ಸಣ್ಣ ರಂಧ್ರಗಳನ್ನು ಬಿಟ್ಟಿರುವರು. ಅವನ್ನು ಎಂದೂ ಮುಚ್ಚಬಾರದು, ಧೂಳು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸತಕ್ಕದ್ದು. ಯಾತ್ರೆಗೆ ಒಯ್ಯುವ ಮೋಟಾರು ವಾಹನಗಳಿಗೂ, ಪರದೇಶಗಳಲ್ಲಿ ಜನರು ಮನೆಯಂತೆ ವಾಸಿಸುತ್ತ ತಿರುಗುವ ದೊಡ್ಡ ಬಂಡಿಗಳಿಗೂ ಇದೇ ನಿಯಮ. ದಾರಿಯ ಕುಲುಕಾಟಕ್ಕೆ ಸಂದಿಗಳು ಬೇಗ ಸಡಿಲಾಗುವದರಿಂದ ಅವನ್ನು ಪ್ರತಿವರ್ಷ ಪರೀಕ್ಷಿಸುವದು ಒಳಿತು.

ಗೋಡೆಯನ್ನು ಮತ್ತೆ ಕಟ್ಟಿಸಿದೆವು. ಆ ಕಿಡಿಕಿಯು ಅಂದಿನಿಂದ ಸೋರಿಲ್ಲ. ಆದರೂ ಪ್ರತಿವರ್ಷ ಮೃಗಶಿರಕ್ಕೆ ಮುಂಚೆ ದೀಪ, ತಂಬಿಗೆಗಳನ್ನು ಹಿಡಿದು ಮನೆಯನ್ನೊಂದು ಸುತ್ತು ಹಾಕುವದು ನಮ್ಮ ನಿಯಮವಾಗಿದೆ. ವಾಚಕರೂ ಅರ್ಧ ದಿನವನ್ನು ಇದಕ್ಕೆ ಕೊಡಲೆಂದು ಬೇಡುವೆವು. ವಿಶೇಷವಾಗಿ, ಯಾವ ಗೋಡೆಯ ಮಗ್ಗುಲಲ್ಲಿ ಹಿರಿಯರೂ ಕೂಸುಗಳೂ ಮಲಗುವರೋ ಆ ಗೋಡೆಯ ಕಿಡಿಕಿಯನ್ನು ಮೊದಲು ನೋಡಿಕೊಳ್ಳತಕ್ಕದ್ದು.