ಬಿಸಿಲಿದೆ, ಕರೆಂಟಿಲ್ಲ: ಹಸಿರು ಮನೆಯ ಏಳು ತಪ್ಪು ಕಲ್ಪನೆಗಳು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಎದುರುಮನೆಯ ಹಿರಿಯರು ಗೇಟಿನ ಬಳಿ ಬಂದು, ಮಡಚಿದ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಾ, ಕಂಬ ಹತ್ತಿದ್ದ ಲೈನ್‌ಮ್ಯಾನ್‌ನನ್ನು ಕೂಗಿ ಕೇಳಿದರು: "ಏನಪ್ಪಾ, ತಾರಸಿ ತುಂಬಾ ಸೋಲಾರ್ ಹಾಕ್ಸಿದೀನಿ. ಮೇಲೆ ಬೆಂಕಿಯಂಥ ಬಿಸಿಲಿದೆ. ಆದ್ರೂ ನಮ್ಮನೆ ಫ್ಯಾನ್ ಯಾಕೆ ತಿರುಗ್ತಿಲ್ಲ?"

ಆತ ತಂತಿಯಿಂದ ಕಣ್ಣು ತೆಗೆಯದೆ ಹೇಳಿದ: "ಅದು ತಿರುಗೋ ಹಂಗಿದ್ರೆ ನಾನಿಲ್ಲಿ ಕೈ ಇಡೋಕಾಗ್ತಿರ್ಲಿಲ್ಲ ಯಜಮಾನ್ರೇ."

ಹಿರಿಯರು ಸುಮ್ಮನಾದರು. ಸೋಲಾರ್ ಹಾಕಿಕೊಟ್ಟವರು ಈ ಒಂದು ಮಾತನ್ನು ಅವರಿಗೆ ಹೇಳಿರಲೇ ಇಲ್ಲ. ಪರಿಸರಕ್ಕೆ ಒಳಿತಾಗಲಿ, ಬಿಲ್ಲೂ ಇಳಿಯಲಿ ಎಂದು ಕೈಯಿಂದ ದುಡ್ಡು ಹಾಕುವವರು ನಮ್ಮ ನಡುವೆ ಈಗ ಬಹಳ ಜನ ಇದ್ದಾರೆ. ಅವರ ಆಸೆ ಒಳ್ಳೆಯದು. ಆದರೆ ಕೊಂಡ ವಸ್ತು ಹೇಗೆ ಕೆಲಸ ಮಾಡುತ್ತದೆ, ಮನೆಯಲ್ಲಿ ಎಷ್ಟು ಕಾಲ ಬಾಳುತ್ತದೆ, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿಯದಿದ್ದರೆ ಆ ದುಡ್ಡು ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ತಾರಸಿಯಿಂದ ಅಡುಗೆಮನೆಯವರೆಗೆ ನಾನು ಮತ್ತೆ ಮತ್ತೆ ಕೇಳುವ ಏಳು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ತಾರಸಿಯಲ್ಲಿ ಸೋಲಾರ್ ಇದ್ದರೆ ಬೀದಿಯಲ್ಲಿ ಕರೆಂಟ್ ಹೋದರೂ ಚಿಂತೆಯಿಲ್ಲ

ಸತ್ಯ: ಮನೆಗಳಿಗೆ ಹಾಕುವ ಸೋಲಾರ್ ವ್ಯವಸ್ಥೆಗಳಲ್ಲಿ ಬಹುಪಾಲು ಆನ್‌ಗ್ರಿಡ್ ಬಗೆಯವು. ಹಗಲು ತಯಾರಾದ ವಿದ್ಯುತ್ತು ಮೊದಲು ಮನೆಯ ಬಳಕೆಗೆ ಹೋಗುತ್ತದೆ, ಮಿಕ್ಕದ್ದು ಬೀದಿಯ ತಂತಿಗೆ ಹರಿಯುತ್ತದೆ. ರಾತ್ರಿಗೆ ಬೇಕಾದಷ್ಟನ್ನು ಅದೇ ತಂತಿಯಿಂದ ಪಡೆಯುತ್ತೇವೆ. ಕೊಟ್ಟದ್ದು, ತೆಗೆದುಕೊಂಡದ್ದು ಎರಡರ ಲೆಕ್ಕವನ್ನೂ ನೆಟ್ ಮೀಟರ್ ಇಡುತ್ತದೆ. ಫಲಕದ ವಿದ್ಯುತ್ತನ್ನು ಮನೆಯ ಬಳಕೆಗೆ ಹೊಂದಿಸುವ ಪೆಟ್ಟಿಗೆಯೇ ಇನ್‌ವರ್ಟರ್. ಬೀದಿಯ ತಂತಿಯಲ್ಲಿ ಕರೆಂಟ್ ನಿಂತ ಕೂಡಲೇ ಈ ಇನ್‌ವರ್ಟರ್ ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ, ಲೈನಿನಲ್ಲಿ ಕರೆಂಟಿಲ್ಲ ಎಂದು ನಂಬಿ ಕಂಬ ಹತ್ತಿದವರಿಗೆ ನಮ್ಮ ತಾರಸಿಯ ವಿದ್ಯುತ್ತೇ ಹೊಡೆಯುತ್ತದೆ. ಹಿರಿಯರು ದೋಷವೆಂದು ತಿಳಿದದ್ದು ನಿಜಕ್ಕೂ ಒಂದು ಜೀವಕ್ಕೆ ಇಟ್ಟ ಕಾವಲು.

ಕರೆಂಟ್ ಹೋದಾಗಲೂ ಫ್ಯಾನು, ದೀಪ ನಡೆಯಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್‌ವರ್ಟರ್ ಬೇಕು. ಅದಕ್ಕೆ ಖರ್ಚು ಹೆಚ್ಚು, ಕೆಲವು ವರ್ಷಕ್ಕೊಮ್ಮೆ ಬ್ಯಾಟರಿಯನ್ನೂ ಬದಲಿಸಬೇಕು. 2024ರ ಫೆಬ್ರುವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ವ್ಯವಸ್ಥೆಗೆ 78,000 ರೂಪಾಯಿವರೆಗೆ ಸಹಾಯಧನ ಗೊತ್ತುಮಾಡಿದ್ದರಿಂದ ಬಹಳ ಮನೆಗಳು ಮುಂದೆ ಬಂದಿವೆ. ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: "ಕರೆಂಟ್ ಹೋದರೆ ಇದು ನಡೆಯುತ್ತದೆಯೇ?"

ಬಿಸಿಲು ಸುಟ್ಟಷ್ಟೂ ವಿದ್ಯುತ್ ಹೆಚ್ಚು ಎಂಬ ನಂಬಿಕೆಯೂ ಸರಿಯಲ್ಲ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಫಲಕದ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಅದರ ಸಾಮರ್ಥ್ಯ ಶೇ. 0.3ರಿಂದ 0.4ರಷ್ಟು ಇಳಿಯುತ್ತಾ ಹೋಗುತ್ತದೆ. ಬಳ್ಳಾರಿಯ ಉರಿಬಿಸಿಲಲ್ಲಿ ಇಟ್ಟ ಫಲಕ ಅಷ್ಟೇ ಬೆಳಕಿರುವ ತಂಪು ಹವೆಯಲ್ಲಿ ಇನ್ನೂ ಹುರುಪಾಗಿ ಕೆಲಸ ಮಾಡೀತು. ಫಲಕದ ಕೆಳಗೆ ಗಾಳಿಯಾಡಲು ಜಾಗ ಬಿಟ್ಟು ಕೂರಿಸುವುದಕ್ಕೆ ಇದೂ ಒಂದು ಕಾರಣ.

2. ತಪ್ಪು ಕಲ್ಪನೆ: ಸೋಲಾರ್ ವಾಟರ್ ಹೀಟರ್ ಇದ್ದರೆ ಬಿಸಿನೀರು ಪುಕ್ಕಟೆ

ಸತ್ಯ: ಮೊದಲಿಗೆ, ವಾಟರ್ ಹೀಟರ್ ಬೇರೆ, ವಿದ್ಯುತ್ ಫಲಕ ಬೇರೆ. ಹೀಟರ್ ಬಿಸಿಲಿನಿಂದ ನೇರವಾಗಿ ನೀರು ಕಾಯಿಸುತ್ತದೆ, ವಿದ್ಯುತ್ ತಯಾರಿಸುವುದಿಲ್ಲ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಗೀಸರ್‌ಗೆ 4 ಯೂನಿಟ್‌ಗಿಂತ ಹೆಚ್ಚು ಕರೆಂಟ್ ಬೇಕು. ಅಷ್ಟನ್ನು ದಿನವೂ ಸೂರ್ಯನೇ ಕೊಟ್ಟರೆ ಅದು ದೊಡ್ಡ ಉಳಿತಾಯವೇ.

ಉಳಿತಾಯ ಸೋರುವುದು ಕೊಳವೆಯಲ್ಲಿ. ತಾರಸಿಯ ಟ್ಯಾಂಕಿನಿಂದ ಬಚ್ಚಲಿಗೆ 15 ಮೀಟರ್ ಮುಕ್ಕಾಲು ಇಂಚಿನ ಪೈಪ್ ಇದ್ದರೆ ಅದರೊಳಗೆ ನಾಲ್ಕು ಲೀಟರಿಗೂ ಹೆಚ್ಚು ತಣ್ಣೀರು ನಿಂತಿರುತ್ತದೆ. ನಾಲ್ಕು ಜನ ನಾಲ್ಕು ಹೊತ್ತಿನಲ್ಲಿ ಸ್ನಾನಕ್ಕಿಳಿದರೆ ನಾಲ್ಕು ಸಲವೂ ಅಷ್ಟು ನೀರು ಮೋರಿಗೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಕೊಡುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಪರಿಹಾರ ಸುಲಭ: ಬಿಸಿನೀರಿನ ಪೈಪಿಗೆ ಕಾವು ಹಿಡಿದಿಡುವ ಹೊದಿಕೆ ಸುತ್ತಿಸಿ, ಸ್ನಾನ ಒಬ್ಬರ ಹಿಂದೊಬ್ಬರು ಮುಗಿಸಿ, ಮೊದಲು ಬರುವ ತಣ್ಣೀರಿಗೆ ಬಕೆಟ್ ಹಿಡಿಯಿರಿ. ಮೋಡದ ದಿನಕ್ಕೆಂದು ಟ್ಯಾಂಕಿನೊಳಗೆ ಇಟ್ಟಿರುವ ಕರೆಂಟ್ ಕಾಯಿಲ್‌ನ ಸ್ವಿಚ್ಚನ್ನು ಮಳೆಗಾಲದಲ್ಲಿ ಹಾಕಿ ಮರೆತರಂತೂ ತಾರಸಿಯ ಮೇಲಿರುವುದು ಬರೀ ದೊಡ್ಡ ಗೀಸರ್.

3. ತಪ್ಪು ಕಲ್ಪನೆ: ಐದು ಸ್ಟಾರ್ ಇದ್ದರೆ ಬಿಲ್ ಕಡಿಮೆ ಬಂದೇ ಬರುತ್ತದೆ

ಸತ್ಯ: ಸ್ಟಾರ್ ಎಂಬುದು ಅದೇ ಜಾತಿಯ ವಸ್ತುಗಳ ನಡುವಿನ ಹೋಲಿಕೆ. ದೊಡ್ಡ ಐದು ಸ್ಟಾರ್ ಫ್ರಿಜ್ ಚಿಕ್ಕ ಮೂರು ಸ್ಟಾರ್ ಫ್ರಿಜ್‌ಗಿಂತ ಹೆಚ್ಚು ಕರೆಂಟ್ ತಿನ್ನಬಹುದು. ಆದ್ದರಿಂದ ನಕ್ಷತ್ರ ಎಣಿಸಿ ನಿಲ್ಲಬೇಡಿ, ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವುದನ್ನು ಓದಿ. ಚೀಟಿಯ ಮೇಲಿನ ವರ್ಷವನ್ನೂ ನೋಡಿ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ ಐದು ಸ್ಟಾರ್ ಇಂದಿನ ಲೆಕ್ಕದಲ್ಲಿ ಕೆಳಗಿಳಿದಿರಬಹುದು.

ಬಳಕೆ ಎಲ್ಲಿ ಹೆಚ್ಚೋ ಅಲ್ಲಿ ಬದಲಾವಣೆಗೆ ಬೆಲೆ. ಸಾಮಾನ್ಯ ಸೀಲಿಂಗ್ ಫ್ಯಾನ್ 75 ವಾಟ್ ಎಳೆದರೆ ಕಡಿಮೆ ಕರೆಂಟಿನ ಮೋಟಾರಿರುವ ಬಿಎಲ್‌ಡಿಸಿ ಫ್ಯಾನ್ 30 ವಾಟ್ ಆಸುಪಾಸು. ದಿನಕ್ಕೆ 12 ಗಂಟೆ ತಿರುಗುವ ಹಾಲ್‌ನ ಫ್ಯಾನ್ ಬದಲಿಸಿದರೆ ವರ್ಷಕ್ಕೆ ಸುಮಾರು 195 ಯೂನಿಟ್ ಉಳಿಯುತ್ತದೆ. ನೆಂಟರು ಬಂದಾಗ ಮಾತ್ರ ತಿರುಗುವ ಕೋಣೆಯ ಫ್ಯಾನ್ ಬದಲಿಸಿದರೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ಹಾಗೆಯೇ, ಫೋನ್ ಕಿತ್ತ ಮೇಲೆ ಗೋಡೆಯಲ್ಲೇ ಉಳಿದ ಚಾರ್ಜರ್ ಬಗ್ಗೆ ಮನೆಮಂದಿಯನ್ನು ಗದರುವವರು ಟಿವಿ ಪಕ್ಕದ ಸೆಟ್‌ಟಾಪ್ ಬಾಕ್ಸನ್ನು ಮರೆಯುತ್ತಾರೆ. ಇಂದಿನ ಚಾರ್ಜರ್ ಸುಮ್ಮನಿದ್ದಾಗ ಎಳೆಯುವುದು ನಗಣ್ಯ. ರಿಮೋಟ್‌ನಲ್ಲಿ ಆರಿಸಿದ ಮೇಲೂ 10 ವಾಟ್ ಎಳೆಯುವ ಪೆಟ್ಟಿಗೆ ದಿನಕ್ಕೆ 20 ಗಂಟೆ ಹಾಗೇ ಇದ್ದರೆ ವರ್ಷಕ್ಕೆ 73 ಯೂನಿಟ್ ಹೋಯಿತು. ಸ್ವಿಚ್ಚು ಗೋಡೆಯಲ್ಲೇ ಇದೆ.

4. ತಪ್ಪು ಕಲ್ಪನೆ: ಬಟ್ಟೆ ಚೀಲ ತಂದರೆ ಪ್ಲಾಸ್ಟಿಕ್ ಬಿಟ್ಟಂತೆ

ಸತ್ಯ: ನಮ್ಮ ಅಡುಗೆಮನೆ ಬಾಗಿಲ ಹಿಂದೆ ಒಂದು ಗೂಟವಿದೆ. ಮದುವೆ, ಉಪನಯನ, ಗೃಹಪ್ರವೇಶಗಳಲ್ಲಿ ಕೊಟ್ಟ ತಾಂಬೂಲದ ಚೀಲಗಳೆಲ್ಲ ಅಲ್ಲೇ ತೂಗುತ್ತವೆ. ಒಂದು ದಿನ ಎಲ್ಲವನ್ನೂ ಇಳಿಸಿ ನೆಲದ ಮೇಲೆ ಹರಡಿದೆ. ವಧೂವರರ ಹೆಸರು ಅಚ್ಚಾದ ಕೆಂಪು, ಹಳದಿ, ಹಸಿರು ಚೀಲಗಳು. ಮುಟ್ಟಿದರೆ ಬಟ್ಟೆಯಂತೆಯೇ ಮೆದು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಹಾಸುಹೊಕ್ಕಿನ ನೂಲೇ ಕಾಣಲಿಲ್ಲ. ನೂಲಿನ ಬದಲು ಬಿಸಿಯಲ್ಲಿ ಒತ್ತಿ ಅಂಟಿಸಿದ ಎಳೆಗಳು, ಅವುಗಳ ಮೇಲೆ ಸಾಲಾಗಿ ಸಣ್ಣ ಚುಕ್ಕಿಗಳು. ಅಂಗಳಕ್ಕೆ ಹೋಗಿ, ಉಗುರಿನಷ್ಟು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿಕಡ್ಡಿ ತಾಗಿಸಿದೆ. ಮುದುಡಿ, ಕರಗಿ, ಮೇಣದಂತೆ ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಮಣಿಯಾಯಿತು. ಹಳೆಯ ಹತ್ತಿ ಪಂಚೆಯ ಚೂರಿಗೆ ತಾಗಿಸಿದಾಗ ಕಾಗದ ಸುಟ್ಟ ವಾಸನೆ ಬಂತು, ಬೆರಳಿಗೆ ಬೂದಿಯಷ್ಟೇ ಸಿಕ್ಕಿತು.

ಆ ಚೀಲಗಳು ನಾನ್‌ವೋವನ್ ಪಾಲಿಪ್ರೊಪಿಲೀನ್, ಅಂದರೆ ಅಪ್ಪಟ ಪ್ಲಾಸ್ಟಿಕ್. ಬಿಸಿಲಿಗೆ ಬಿದ್ದರೆ ಪುಡಿಪುಡಿಯಾಗಿ ಮಣ್ಣು ಸೇರುತ್ತವೆ, ಕರಗಿಹೋಗುವುದಿಲ್ಲ.

ಹಾಗಾದರೆ ನಿಜವಾದ ಹತ್ತಿ ಚೀಲ? ಅದಕ್ಕೂ ಒಂದು ಷರತ್ತಿದೆ. ಹತ್ತಿ ಬೆಳೆಯಲು ನೀರು, ಗೊಬ್ಬರ, ಔಷಧಿ ಬೇಕು. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಲೆಕ್ಕವೊಂದನ್ನೇ ಹಿಡಿದರೂ ಸಾಮಾನ್ಯ ಹತ್ತಿ ಚೀಲವನ್ನು ಕನಿಷ್ಠ 52 ಬಾರಿ ಬಳಸಿದಾಗ ಮಾತ್ರ ಅದು ಅಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಸಮನಾಗುತ್ತದೆ. ನೀರು, ಮಣ್ಣು ಮುಂತಾದ ಎಲ್ಲ ಬಗೆಯ ಹೊರೆಯನ್ನೂ ಸೇರಿಸಿದರೆ ಸಾವಿರಾರು ಬಾರಿ. ಬೀದಿಗೆ ಬಿದ್ದು ಚರಂಡಿ ಕಟ್ಟುವ, ದನದ ಹೊಟ್ಟೆ ಸೇರುವ ಪ್ಲಾಸ್ಟಿಕ್ಕಿನ ಲೆಕ್ಕ ಅದರಲ್ಲಿಲ್ಲ. ನಮ್ಮ ಊರುಗಳಲ್ಲಿ ಆ ಲೆಕ್ಕವೇ ದೊಡ್ಡದು, ಹಾಗಾಗಿ ಹತ್ತಿ ಚೀಲ ಹಿಡಿಯುವುದು ಸರಿಯೇ. ಆದರೆ 52 ಎಂದರೆ ವಾರಕ್ಕೊಮ್ಮೆ ಸಂತೆಗೆ ಒಯ್ದರೆ ಇಡೀ ಒಂದು ವರ್ಷ. ಸಮಾರಂಭಕ್ಕೊಂದು ಹೊಸ ಚೀಲ ಸೇರಿಸುತ್ತಾ ಹೋದರೆ ಯಾವ ಚೀಲವೂ ಆ ವಯಸ್ಸು ಮುಟ್ಟುವುದಿಲ್ಲ.

5. ತಪ್ಪು ಕಲ್ಪನೆ: ಪೇಪರ್ ಕಪ್ ಮಣ್ಣಲ್ಲಿ ಮಣ್ಣಾಗುತ್ತದೆ

ಸತ್ಯ: ಬರೀ ಕಾಗದದಲ್ಲಿ ಬಿಸಿ ಕಾಫಿ ನಿಲ್ಲುವುದಿಲ್ಲ. ಕಪ್ಪಿನ ಒಳಮೈಗೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಹೊದಿಸಿರುತ್ತಾರೆ. ಐಐಟಿ ಖರಗ್‌ಪುರದ ಸಂಶೋಧಕರು ಇಂಥ ಕಪ್ಪುಗಳಲ್ಲಿ 100 ಮಿಲಿಲೀಟರ್ ಬಿಸಿನೀರನ್ನು 15 ನಿಮಿಷ ಇಟ್ಟು ನೋಡಿದಾಗ, ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಸೇರಿದ್ದವು. ಕಾಗದಕ್ಕೆ ಪ್ಲಾಸ್ಟಿಕ್ ಅಂಟಿರುವುದರಿಂದ ಇದನ್ನು ರದ್ದಿಯವರೂ ಒಯ್ಯುವುದಿಲ್ಲ, ಗೊಬ್ಬರದ ಗುಂಡಿಯೂ ಪೂರ್ತಿ ಅರಗಿಸಿಕೊಳ್ಳುವುದಿಲ್ಲ.

ಜೋಳದ ಪಿಷ್ಟದಿಂದ ಮಾಡಿದ್ದು, ಕಂಪೋಸ್ಟ್ ಆಗುತ್ತದೆ ಎನ್ನುವ ಚೀಲ, ಲೋಟಗಳದ್ದೂ ಹೆಚ್ಚುಕಡಿಮೆ ಇದೇ ಕತೆ. ಅವುಗಳಲ್ಲಿ ಹಲವು ಕೊಳೆಯಲು ವಾರಗಟ್ಟಲೆ 60 ಡಿಗ್ರಿಯ ಹತ್ತಿರದ ಕಾವು ಬೇಕು. ಅದು ದೊಡ್ಡ ಗೊಬ್ಬರ ಘಟಕದಲ್ಲಿ ಸಿಗುತ್ತದೆ, ಬಾಲ್ಕನಿಯ ಮಡಕೆಯಲ್ಲಿ ಸಿಗುವುದಿಲ್ಲ. ಬಾಳೆ ಎಲೆ, ಮುತ್ತುಗದ ಎಲೆಗೆ ಇಂಥ ಯಾವ ಉಪಚಾರವೂ ಬೇಡ. ಅದಕ್ಕಿಂತ ಮೇಲು ತೊಳೆದು ಮತ್ತೆ ಬಳಸುವ ಸ್ಟೀಲ್ ಲೋಟ. ಸಮಾರಂಭಗಳಿಗೆ ತಟ್ಟೆ ಲೋಟ ಎರವಲು ಕೊಡುವ ತಟ್ಟೆ ಬ್ಯಾಂಕುಗಳು ಬೆಂಗಳೂರಿನಲ್ಲಿವೆ. ಊರುಗಳಲ್ಲಿ ಶಾಮಿಯಾನದವರೇ ಪಾತ್ರೆಯನ್ನೂ ಬಾಡಿಗೆಗೆ ಕೊಡುತ್ತಾರೆ.

6. ತಪ್ಪು ಕಲ್ಪನೆ: ಆರ್‌ಒ ನೀರೇ ಎಲ್ಲಕ್ಕಿಂತ ಶುದ್ಧ, ಪ್ರತಿ ಮನೆಗೂ ಬೇಕು

ಸತ್ಯ: ಆರ್‌ಒ ಇರುವುದು ನೀರಿನಲ್ಲಿ ಕರಗಿದ ಲವಣಗಳನ್ನು ಬೇರ್ಪಡಿಸಲು. ಅದಕ್ಕಾಗಿ ಒಂದು ಲೀಟರ್ ಕುಡಿಯುವ ನೀರಿಗೆ ಸಾಮಾನ್ಯವಾಗಿ ಎರಡು ಮೂರು ಲೀಟರ್ ನೀರನ್ನು ಹೊರಗೆ ಬಿಡುತ್ತದೆ. ದಿನಕ್ಕೆ 15 ಲೀಟರ್ ಹಿಡಿಯುವ ಮನೆಯಲ್ಲಿ 30ರಿಂದ 45 ಲೀಟರ್ ಮೋರಿ ಪಾಲು. ಭಾರತೀಯ ಮಾನದಂಡದ ಪ್ರಕಾರ ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಇರುವ ನೀರು ಕುಡಿಯಲು ಯೋಗ್ಯ. ಬೆಂಗಳೂರು, ಮೈಸೂರಿಗೆ ಬರುವ ಕಾವೇರಿ ನೀರಿನಲ್ಲಿ ಅದು ಸಾಮಾನ್ಯವಾಗಿ ಇದಕ್ಕಿಂತ ಸಾಕಷ್ಟು ಕೆಳಗೇ ಇರುತ್ತದೆ. ಅಂಥ ನೀರಿಗೆ ಕುದಿಸುವುದೋ ಸೋಸಿ ಯುವಿ ಕಿರಣ ಹಾಯಿಸುವುದೋ ಸಾಕು.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕೊಳವೆಬಾವಿ ನೀರಿನ ಮಾತೇ ಬೇರೆ. ಅಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಅಲ್ಲಿ ಆರ್‌ಒ ಹಲ್ಲು, ಮೂಳೆ ಉಳಿಸುವ ಸಾಧನ. ಇನ್ನೊಂದು ಎಚ್ಚರ: ಟಿಡಿಎಸ್ ಮೀಟರ್ ರೋಗಾಣುವನ್ನಾಗಲಿ ಫ್ಲೋರೈಡನ್ನಾಗಲಿ ಗುರುತಿಸದು. ಒಮ್ಮೆ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡಿಸಿ, ಆಮೇಲೆ ಯಂತ್ರ ಕೊಳ್ಳಿ. ಆರ್‌ಒ ಬಿಟ್ಟ ನೀರು ನೆಲ ಒರೆಸಲು, ಶೌಚಾಲಯಕ್ಕೆ ಚೆನ್ನ. ಕುಂಡದ ಗಿಡಗಳಿಗೆ ದಿನವೂ ಹಾಕಿದರೆ ಮಣ್ಣಿನಲ್ಲಿ ಉಪ್ಪು ಕಟ್ಟುತ್ತದೆ.

7. ತಪ್ಪು ಕಲ್ಪನೆ: ನೈಸರ್ಗಿಕವಾದದ್ದೆಲ್ಲ ನಿರಪಾಯ, ನೊರೆ ಬಂದರೆ ಕೊಳೆ ಹೋಯಿತು

ಸತ್ಯ: ನಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿದಾಗ ಬುಸ್ಸೆಂದು ಏಳುವ ನೊರೆ ನೋಡಿ ಎಲ್ಲರೂ ಮೆಚ್ಚುತ್ತಾರೆ. ಆ ನೊರೆಯಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ತಿಂದುಹಾಕಿ, ಉಳಿಯುವುದು ಬಹುಮಟ್ಟಿಗೆ ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ: ಜಿಡ್ಡಿಗೆ ಸೋಡಾ, ಗಡಸು ನೀರಿನ ಬಿಳಿ ಕಲೆಗೆ ನಿಂಬೆ. ಬ್ಲೀಚಿಂಗ್ ಪೌಡರಿಗೆ ಮಾತ್ರ ನಿಂಬೆ, ವಿನೆಗರ್, ಆಸಿಡ್ ಯಾವುದನ್ನೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಅಂಟುವಾಳ ಬಟ್ಟೆಗೆ ಒಳ್ಳೆಯದೇ, ಆದರೆ ಅದರ ನೊರೆಯ ಅಂಶ ಮೀನಿಗೆ ವಿಷ. ತೊಳೆದ ನೀರನ್ನು ನೇರ ಕೆರೆಗೆ ಬಿಡಬಾರದು.

ಈ ಏಳನ್ನೂ ಓದಿ ಯಾರೂ ಎದೆಗುಂದಬೇಕಿಲ್ಲ. ಎದುರುಮನೆಯ ಹಿರಿಯರ ಸೋಲಾರ್ ಇಂದಿಗೂ ಚೆನ್ನಾಗಿ ನಡೆಯುತ್ತಿದೆ, ಅವರ ಬಿಲ್ಲೂ ಇಳಿದಿದೆ. ಕರೆಂಟ್ ಹೋದಾಗ ಅವರೀಗ ತಾರಸಿಯ ಕಡೆ ನೋಡುವುದಿಲ್ಲ, ಯಾರು ಕಂಬ ಹತ್ತಿದ್ದಾರೆಂದು ನೋಡುತ್ತಾರೆ. ನಾನು ತಾಂಬೂಲದ ಚೀಲಗಳನ್ನು ಎಸೆಯಲಿಲ್ಲ. ಪ್ಲಾಸ್ಟಿಕ್ಕೇ ಇರಲಿ, ಆಗಲೇ ತಯಾರಾಗಿ ಮನೆ ಸೇರಿದೆ. ಭಾನುವಾರ ತರಕಾರಿಗೆ ಹೊರಟಾಗ ಗೂಟದಿಂದ ಅದೇ ಒಂದು ಚೀಲ ತೆಗೆಯುತ್ತೇನೆ. ಹಿಡಿ ಕಿತ್ತಾಗ ಎರಡು ಸಲ ಹೊಲಿದಿದ್ದೇನೆ. ಅದು ಪೂರ್ತಿ ಹರಿಯುವ ತನಕ ಎರಡನೆಯದಕ್ಕೆ ಕೈ ಹಾಕುವುದಿಲ್ಲ. ಮದುವೆಗಳಲ್ಲಿ ಚೀಲ ಚಾಚಿದವರಿಗೆ, "ಕಾಯಿ, ವೀಳ್ಯದೆಲೆ ಕೈಗೇ ಕೊಡಿ, ಚೀಲ ತಂದಿದ್ದೇನೆ" ಎನ್ನುವುದನ್ನೂ ರೂಢಿ ಮಾಡಿಕೊಂಡಿದ್ದೇನೆ.