ನಾಯಿಯೊಡನೆ ಪದವಿಗೆ

ಬೆಂಗಳೂರಿನಂಥ ಪಟ್ಟಣಗಳಲ್ಲಿ ನಾಯಿ ಸಾಕಿದವರು ಅದನ್ನು ಕರೆದುಕೊಂಡು ಉದ್ಯಾನವನಕ್ಕೆ ಹೋಗುವುದು ಈಗ ದಿನಚರಿಯ ಒಂದು ಭಾಗ. 1870ರಲ್ಲಿ ರೂಪುಗೊಂಡ ಅಲ್ಲಿನ ಕಬ್ಬನ್ ಪಾರ್ಕಿನೊಳಗೆ ನಾಯಿಗಳು ಓಡಾಡಲೆಂದೇ ಬೇರ್ಪಡಿಸಿದ ಜಾಗವೂ ಇದೆ. ಕಾಸರಗೋಡಿನ ಹಳ್ಳಿಗಳಲ್ಲಿರುವ ನಮಗೆ ಅಂಥ ಉದ್ಯಾನಗಳಿಲ್ಲ. ಅದಕ್ಕಾಗಿ ಕೊರಗಬೇಕಾಗಿಯೂ ಇಲ್ಲ. ತೋಟದ ಅಂಚಿನಿಂದ ಗುಡ್ಡೆ ಹತ್ತಿದರೆ ಸಾಕು, ಪದವು ತೆರೆದುಕೊಳ್ಳುತ್ತದೆ. ಮುರಕಲ್ಲಿನ ಹಾಸು, ಮುಳಿಹುಲ್ಲು, ಅಲ್ಲಲ್ಲಿ ಕುಂಟಾಲ, ನೇರಳೆ, ಕೇಪುಳದ ಪೊದೆ, ಪಡುವಣದಲ್ಲಿ ಕಡಲಿನ ಗೆರೆ. ಯಾವ ಸರಕಾರವೂ ಹಣ ಖರ್ಚು ಮಾಡಿ ಕಟ್ಟಿಸಲಾರದ ಉದ್ಯಾನವಿದು. ಧರ್ಮತ್ತಡ್ಕದ ಬಳಿಯ ಪೊಸಡಿಗುಂಪೆಯನ್ನು ಹತ್ತಿ ನಿಂತವರಿಗೆ ಈ ಮಾತು ಉತ್ಪ್ರೇಕ್ಷೆಯೆನಿಸದು.

ಹೀಗಿದ್ದರೂ ನಮ್ಮ ಮನೆಗಳ ನಾಯಿಗಳಲ್ಲಿ ಎಷ್ಟಕ್ಕೆ ಪದವಿನ ಗಾಳಿ ಸೋಕಿದೆ? ಸುತ್ತ ನೋಡಿದರೆ ನಮಗೆ ಕಾಣುವುದು ಎರಡೇ ಬಗೆಯ ನಾಯಿಗಳು. ಒಂದು ಕಟ್ಟಿದ ನಾಯಿ, ಇನ್ನೊಂದು ಬಿಟ್ಟ ನಾಯಿ. ಮೊದಲನೆಯದು ಕೊಟ್ಟಿಗೆಯ ಕಂಬಕ್ಕೋ ನಾಯಿಗೂಡಿನ ಸರಳಿಗೋ ಅಂಟಿಕೊಂಡು, ಸಂಕೋಲೆಯ ಉದ್ದವೇ ತನ್ನ ಲೋಕವೆಂದು ತಿಳಿದು ಬಾಳು ಸವೆಸುತ್ತದೆ. ಅಡಿಕೆ ಕಾಯುವುದು, ಅಪರಿಚಿತರನ್ನು ಕಂಡು ಬೊಗಳುವುದು, ಉಳಿದ ಅನ್ನ ಉಣ್ಣುವುದು ಇಷ್ಟೇ ಅದರ ಬದುಕು. ಎರಡನೆಯದಕ್ಕೆ ಸಂಕೋಲೆಯಿಲ್ಲ, ಯಜಮಾನನ ನಿಗಾ ಕೂಡ ಇಲ್ಲ. ಅದು ಹಗಲಿಡೀ ಊರು ಸುತ್ತಿ, ಸಂತೆಯ ಎಲುಬು ಮೂಸಿ, ಸೈಕಲಿನ ಹಿಂದೆ ಓಡಿ, ರಾತ್ರಿ ಜಗಲಿಗೆ ಬಂದು ಮಲಗುತ್ತದೆ.

ಕಟ್ಟಿದ್ದು ಕೆರಳುತ್ತದೆ, ಬಿಟ್ಟದ್ದು ಕೆಡುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಹಗ್ಗವನ್ನು ಕೈಯಲ್ಲಿ ಹಿಡಿದು ನಾಯಿಯ ಜೊತೆಗೆ ನಡೆಯುವುದೇ ಆ ದಾರಿ. ದಿನಕ್ಕೆ ಅರ್ಧ ಗಂಟೆ, ರಜಾದಿನ ಒಂದೆರಡು ಗಂಟೆ ಸಾಕು.

ಮೂಗಿನ ಪಾಠ

ನಮ್ಮ ಮನೆಯಲ್ಲೊಂದು ಊರ ನಾಯಿಯಿದೆ, ಹೆಸರು ಕಾಳು. ಜಾತಿನಾಯಿಯಲ್ಲ. ಮನೆಯವರು ತುಳುವಿನಲ್ಲಿ ಗದರಿದರೂ ನಾವು ಕನ್ನಡದಲ್ಲಿ ಕರೆದರೂ ನೆರೆಮನೆಯವರು ಮಲಯಾಳದಲ್ಲಿ ಮೀನಿನ ತಲೆ ತೋರಿಸಿದರೂ ಅದಕ್ಕೆ ಸಮಾನವಾಗಿ ತಿಳಿಯುತ್ತದೆ. ಭಾಷೆಯ ವಿಷಯದಲ್ಲಿ ಅದಕ್ಕೆ ತಕರಾರಿಲ್ಲ.

ಭಾನುವಾರ ಬೆಳಿಗ್ಗೆ ನಾವು ಹಗ್ಗ ಕೈಗೆತ್ತಿಕೊಳ್ಳುವುದೇ ತಡ, ಕಾಳು ಅಂಗಳದಲ್ಲಿ ಮೂರು ಸುತ್ತು ಬರುತ್ತದೆ. ಪದವಿಗೆ ಹೋಗುವ ದಾರಿಯಲ್ಲಿ ಮೊದಲ ಹತ್ತು ನಿಮಿಷ ಅದು ಮುಖವೆತ್ತುವುದೇ ಇಲ್ಲ. ಹುಲ್ಲಿನ ಬುಡ, ಕಲ್ಲಿನ ಸಂದು, ಬೇಲಿಯ ಗೂಟ, ಹೀಗೆ ಒಂದೊಂದನ್ನೂ ಮೂಸಿ ಮೂಸಿ ನೋಡುತ್ತದೆ. ಹಲವರು ಇಲ್ಲಿ ತಾಳ್ಮೆಗೆಟ್ಟು ಹಗ್ಗ ಜಗ್ಗುವುದುಂಟು. ಹಾಗೆ ಮಾಡಬಾರದು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50ರಿಂದ 60 ಲಕ್ಷವಿದ್ದರೆ, ನಾಯಿಯ ಮೂಗಿನಲ್ಲಿ ತಳಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿಯವರೆಗೆ ಇರುತ್ತವೆ. ನಾವು ಬೆಳಗಿನ ಪತ್ರಿಕೆ ಓದುವಂತೆ ಅದು ನೆಲವನ್ನು ಓದುತ್ತದೆ. ರಾತ್ರಿ ಮುಳ್ಳುಹಂದಿ ಹಾದದ್ದು, ಪಕ್ಕದ ಊರಿನ ನಾಯಿ ಬಂದು ಹೋದದ್ದು, ಎಲ್ಲ ಅದಕ್ಕೆ ಅಲ್ಲಿ ಸಿಗುತ್ತದೆ. ಮೂಸಲು ಬಿಡದೆ ಓಡಿಸಿಕೊಂಡು ಹೋದರೆ ಕಾಲಿಗೆ ದಣಿವಾದೀತು, ಮನಸ್ಸಿಗೆ ತೃಪ್ತಿಯಾಗದು.

ನಾಯಿ ನಿಂತಲ್ಲಿ ನಾವೂ ನಿಲ್ಲಬೇಕಾಗುತ್ತದೆ. ಹಾಗೆ ನಿಂತಾಗಲೇ ನವಿಲಿನ ಕೇಕೆ ಕೇಳಿದ್ದು, ಮಳೆಗಾಲದ ಕೊನೆಗೆ ಕಲ್ಲಿನ ಹಾಸಿನ ಮೇಲೆ ಹಬ್ಬುವ ಪುಟ್ಟ ನೀಲಿ ಹೂಗಳನ್ನು ಕಂಡದ್ದು. ಬಸ್ಸಿನ ಕಿಟಕಿಯಿಂದ ದಿನವೂ ನೋಡುವ ಗುಡ್ಡವೇ ನಾಯಿಯ ಜೊತೆ ಹೋದಾಗ ಬೇರೆಯಾಗಿ ಕಾಣುತ್ತದೆ.

ಕಲ್ಲು ಕಾದರೆ

ಪದವಿನ ಸುಖಕ್ಕೆ ಕಾಲವೇಳೆಯ ಲೆಕ್ಕವಿದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಮೆತ್ತೆಗಳಲ್ಲಿ ಸ್ವಲ್ಪ ಬೆವರುವುದನ್ನು ಬಿಟ್ಟರೆ, ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವುದೇ ಅದು ಮೈ ತಂಪು ಮಾಡಿಕೊಳ್ಳುವ ಮುಖ್ಯ ಉಪಾಯ. ಮಾರ್ಚಿನಿಂದ ಮೇ ತಿಂಗಳವರೆಗೆ ಗಂಟೆ ಒಂಬತ್ತಾದರೆ ಮುರಕಲ್ಲು ಕಾಯತೊಡಗುತ್ತದೆ. ನಮ್ಮ ಕಾಲಿಗೆ ಚಪ್ಪಲಿಯಿದೆ, ಅದರ ಕಾಲಿಗಿಲ್ಲ. ಮುಂಗೈಯ ಹಿಂಬದಿಯನ್ನು ಕಲ್ಲಿನ ಮೇಲೆ ಇಟ್ಟು ಐದಾರು ಸೆಕೆಂಡು ಎಣಿಸಿರಿ. ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುವ ಕಲ್ಲೇ.

ನಾಯಿಯ ಮೈಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಿನಲ್ಲಿ ಓಡಿಸಿ ಅದು ವಿಪರೀತ ಏದುಸಿರು ಬಿಡುತ್ತ, ಜೊಲ್ಲು ಸುರಿಸುತ್ತ, ತೂರಾಡತೊಡಗಿದರೆ ತಡಮಾಡದೆ ನೆರಳಿಗೆ ಒಯ್ದು ಸಾಧಾರಣ ತಣ್ಣೀರನ್ನು ಮೈಮೇಲೆ ಹೊಯ್ದು, ಗಾಳಿ ಹಾಕಿ, ಮೃಗಾಸ್ಪತ್ರೆಗೆ ಕೊಂಡೊಯ್ಯಬೇಕು. ಮೊಂಡು ಮೂಗಿನ ಪಗ್ ಮೊದಲಾದ ಜಾತಿನಾಯಿಗಳಿಗೂ ದಟ್ಟ ರೋಮದ ವಿದೇಶಿ ತಳಿಗಳಿಗೂ ನಮ್ಮ ಸೆಕೆ ಇನ್ನಷ್ಟು ಕಠಿಣ. ಅಂಥವನ್ನು ಮುಂಜಾನೆಯಲ್ಲದೆ ಗುಡ್ಡೆ ಹತ್ತಿಸಬಾರದು.

ನೀರಿನ ವಿಷಯದಲ್ಲಿ ನಮ್ಮ ನಾಡು ಪುಣ್ಯವಂತ. ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು ಹಿರಿಯರು ಮಾಡಿದ ಸುರಂಗಗಳಿಂದ ಇಂದಿಗೂ ಹಲವೆಡೆ ನೀರು ಹರಿದು ಬರುತ್ತಿದೆ. ಸುರಂಗದ ನೀರು ಮನೆಮಂದಿ ಕುಡಿಯುವ ನೀರು. ನಾಯಿಯನ್ನು ಅದರ ಬಾಯಿಗೆ ಬಿಡದೆ, ಗೆರಟೆಯಲ್ಲಿ ಹಿಡಿದು ಕುಡಿಸುವುದು ಮರ್ಯಾದೆ. ಕಲ್ಲು ತೆಗೆದು ಬಿಟ್ಟ ಕೋರೆಗಳಲ್ಲಿ ನಿಂತ ಮಳೆನೀರನ್ನಂತೂ ಕುಡಿಯಗೊಡಬಾರದು. ನಿಂತ ನೀರಿಗೆ ಇಲಿಯ ಮೂತ್ರ ಸೇರಿದ್ದರೆ ಇಲಿಜ್ವರ ನಾಯಿಗೂ ತಗಲುತ್ತದೆ, ನಾಯಿಯಿಂದ ಮನುಷ್ಯನಿಗೂ ದಾಟಬಲ್ಲುದು. ಕೋರೆಯ ಅಂಚು ಜಾರುವುದರಿಂದ ಮಕ್ಕಳು ನಾಯಿಯ ಹಿಂದೆ ಓಡಿ ಅಪಾಯಕ್ಕೆ ಸಿಲುಕುವ ಭಯವೂ ಉಂಟು.

ಮನೆಗೆ ಮರಳಿದ ಮೇಲೆ ಐದು ನಿಮಿಷದ ಕೆಲಸವೊಂದಿದೆ. ಕಿವಿಯ ಒಳಗೆ, ಕೊರಳಪಟ್ಟಿಯ ಕೆಳಗೆ, ಕಾಲ್ಬೆರಳುಗಳ ನಡುವೆ ಕೈಯಾಡಿಸಿ ಉಣ್ಣಿ ಹುಡುಕಬೇಕು. ಉಣ್ಣಿಯಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಕೆಡಿಸುತ್ತದೆ. ಸಣ್ಣ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದರೆ ಬರುತ್ತದೆ. ಬರಿಗೈಯಿಂದ ಹಿಸುಕುವುದು, ಬೆಂಕಿ ತಾಗಿಸುವುದು ಬೇಡ.

ಆತಕೂರಿನ ಕಾಳಿ

ನಾಯಿಯನ್ನು ಗುಡ್ಡಕ್ಕೆ ಕರೆದೊಯ್ಯುವುದೆಂದರೆ ಹಿಂದೆಲ್ಲ ಬೇಟೆಗೆಂದೇ ಅರ್ಥ. ಕನ್ನಡನಾಡಿನಲ್ಲಿ ಇದಕ್ಕೊಂದು ಕಲ್ಲಿನ ಸಾಕ್ಷಿಯಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949ರ ಸುಮಾರಿನ ಶಾಸನವದು. ತಕ್ಕೋಲದ ಕಾಳಗದಲ್ಲಿ ಚೋಳರ ವಿರುದ್ಧ ಪರಾಕ್ರಮ ತೋರಿದ ಮಣಲೆರನೆಂಬ ವೀರನನ್ನು ಗಂಗರ ಬೂತುಗ ಮೆಚ್ಚಿ, ಬೇಕಾದುದನ್ನು ಕೇಳೆಂದನಂತೆ. ಊರು ಉಂಬಳಿ ಕೇಳಬಹುದಾಗಿದ್ದ ಮಣಲೆರ ಕೇಳಿದ್ದು ಕಾಳಿಯೆಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು; ಹಂದಿ, ನಾಯಿ ಎರಡೂ ಸತ್ತವು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ನಾಯಿ ಹಂದಿಗಳ ಸೆಣಸಾಟವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪಾಠ ಮಾಡುವಾಗ ಇದನ್ನು ಹೇಳಿದರೆ, ರಾಜರ ಹೆಸರು ಮರೆತ ಮಕ್ಕಳೂ ಕಾಳಿಯ ಹೆಸರನ್ನು ಮರೆಯುವುದಿಲ್ಲ.

ಆದರೆ ಕಾಳಿಯ ಕಾಲ ಕಳೆಯಿತು. ನಾಯಿಯನ್ನು ಛೂ ಬಿಟ್ಟು ಕಾಡುಪ್ರಾಣಿಯನ್ನು ಬೆನ್ನಟ್ಟಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆ ಹಾಗಿರಲಿ, ಇಂದಿನ ಪದವಿನಲ್ಲಿ ಕಾಡುಹಂದಿಗಳು ಹೆಚ್ಚಿವೆ. ಒಂದು ತಿವಿತಕ್ಕೆ ಸಾಕುನಾಯಿಯ ಹೊಟ್ಟೆ ಸೀಳಿ ಹೋದೀತು. 2024-25ರಲ್ಲಿ ಮುಳಿಯಾರು, ಕಾರಡ್ಕ ಕಡೆಗಳಲ್ಲಿ ಚಿರತೆ ಸಾಕುನಾಯಿಗಳನ್ನು ಹಿಡಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಪೊದೆಯಲ್ಲಿ ಕೊಳಕುಮಂಡಲ ಮಲಗಿರುತ್ತದೆ. ಬೇಸಗೆಯಲ್ಲಿ ಟಿಟ್ಟಿಭ ಹಕ್ಕಿ ಗೂಡೇ ಕಟ್ಟದೆ ಬರಿಯ ಕಲ್ಲುನೆಲದಲ್ಲಿ ಮೊಟ್ಟೆಯಿಡುತ್ತದೆ. ಬಿಟ್ಟ ನಾಯಿ ಒಮ್ಮೆ ಓಡಿದರೆ ಒಂದು ಸಂಸಾರ ಹಾಳು. ಇವೆಲ್ಲಕ್ಕೂ ಒಂದೇ ಮದ್ದು, ಕೈಯಲ್ಲಿರುವ ಹಗ್ಗ. ಎರಡು ಮಾರು ಉದ್ದದ ಗಟ್ಟಿ ಹಗ್ಗವಿದ್ದರೆ ನಾಯಿಗೂ ಸುಖ, ನಮಗೂ ನೆಮ್ಮದಿ. ಸಂಜೆ ಕತ್ತಲಾಗುವ ಮೊದಲೇ ಇಳಿದು ಬರುವುದು ಕ್ಷೇಮ.

ಎದುರಿಗೆ ಬರುವವರು

ಪದವು ನಮ್ಮೊಬ್ಬರದಲ್ಲ. ಬೆಳಿಗ್ಗೆ ಮದ್ರಸಕ್ಕೆ ಹೋಗುವ ಮಕ್ಕಳು, ಹಾಲಿನ ಸೊಸೈಟಿಗೆ ಹೊರಟ ಹೆಂಗಸರು, ಸೊಪ್ಪು ತರುವವರು, ರಬ್ಬರ್ ಟ್ಯಾಪಿಂಗಿನವರು ಎಲ್ಲರ ದಾರಿ ಅದೇ. ಒಮ್ಮೆ ಕಿರುದಾರಿಯಲ್ಲಿ ಪುಟ್ಟ ಮಗುವನ್ನು ಕೈಹಿಡಿದು ಬರುತ್ತಿದ್ದ ನೆರೆಯ ತಾಯಿಯೊಬ್ಬರು ದೂರದಲ್ಲೇ ನಿಂತು, “ಮಾಷೇ, ನಾಯಿಯನ್ನು ಹಿಡಿದುಕೊಳ್ಳಿ” ಎಂದರು.

“ಹಿಡಿದಿದ್ದೇನೆ ಅಮ್ಮಾ, ಇದು ಏನೂ ಮಾಡುವುದಿಲ್ಲ” ಎಂದೆವು.

“ಅದು ನಿಮಗೆ ಗೊತ್ತು ಮಾಷೇ, ಈ ಮಗುವಿಗೆ ಗೊತ್ತುಂಟೇ?” ಎಂದು ಅವರು ಕೇಳಿದರು.

ನಾವು ಕಾಳುವನ್ನು ಪಕ್ಕಕ್ಕೆ ಕೂರಿಸಿ ದಾರಿ ಬಿಟ್ಟೆವು. ಆ ತಾಯಿಯ ಮಾತಿನಲ್ಲಿ ಇಡೀ ಊರಿನ ಭಯವಿತ್ತು. 2023ರ ಜೂನ್ ತಿಂಗಳಲ್ಲಿ ನೆರೆಯ ಕಣ್ಣೂರು ಜಿಲ್ಲೆಯ ಮುಳಪ್ಪಿಲಂಗಾಡಿನಲ್ಲಿ ಬೀದಿನಾಯಿಗಳ ದಾಳಿಗೆ ಬಾಲಕನೊಬ್ಬ ಬಲಿಯಾದುದನ್ನು ಯಾವ ತಾಯಿ ಮರೆತಾಳು? ಇನ್ನು ಕೆಲವರಿಗೆ ನಾಯಿಯ ಜೊಲ್ಲು ಮೈಗೆ ಸೋಕುವುದು ಅವರ ಧರ್ಮಾಚರಣೆಯ ದೃಷ್ಟಿಯಿಂದಲೂ ಒಲ್ಲದ ಸಂಗತಿ. ಅದನ್ನು ಗೌರವಿಸುವುದು ನೆರೆಹೊರೆಯ ಸೌಜನ್ಯ. ಯಾರೇ ಎದುರಾದರೂ ನಾಯಿಯನ್ನು ಹತ್ತಿರಕ್ಕೆಳೆದು, ದಾರಿಯ ಬದಿಗೆ ಸರಿದು ನಿಂತರೆ ಯಾರ ಗಂಟೂ ಹೋಗುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಯಾರೂ ಮೋಸಹೋಗಬಾರದು.

ಈ ಭಯದ ಬೇರು ರೇಬಿಸ್, ಅಂದರೆ ಹುಚ್ಚುನಾಯಿ ರೋಗ. ಲಕ್ಷಣ ಕಾಣಿಸಿಕೊಂಡ ಮೇಲೆ ಅದರಿಂದ ಬದುಕಿ ಉಳಿಯುವುದು ಅತಿ ವಿರಳ. ಆದರೆ ಲಕ್ಷಣ ಬರುವ ಮೊದಲು ತಡೆಯಬಹುದು. ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನಿಗೆ ಲೂಯಿ ಪಾಶ್ಚರ್ 1885ರ ಜುಲೈ 6ರಂದು ಲಸಿಕೆ ಕೊಡಿಸಿ ಬದುಕಿಸಿದಂದಿನಿಂದ ಜಗತ್ತಿಗೆ ಇದು ತಿಳಿದಿದೆ. ನಾಯಿ ಕಚ್ಚಿದರೆ, ಗೀರಿದರೆ ಸಹ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನ ಹುಡಿ ಹಚ್ಚುವುದು ಬೇಡ. ಅಂದೇ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಚುಚ್ಚುಮದ್ದನ್ನು ಒಂದೂ ತಪ್ಪಿಸದೆ ಮುಗಿಸಬೇಕು. ಮನೆಯ ಮರಿ ಗೀರಿದ್ದು ತಾನೇ ಎಂಬ ಅಸಡ್ಡೆ ಜೀವಕ್ಕೆ ಎರವಾಗುತ್ತದೆ.

ತರಗತಿಯಲ್ಲಿ ನಾವು ಒಮ್ಮೆ, ಯಾರ ಮನೆಯಲ್ಲೆಲ್ಲ ನಾಯಿಯಿದೆ ಎಂದು ಕೇಳಿದೆವು. ಮುಕ್ಕಾಲು ಪಾಲು ಕೈಗಳು ಮೇಲೆದ್ದವು. ಈ ವರ್ಷ ಚುಚ್ಚುಮದ್ದು ಕೊಡಿಸಿದವರು ಕೈ ಎತ್ತಿರೆಂದಾಗ ಉಳಿದದ್ದು ಬೆರಳೆಣಿಕೆಯ ಕೈಗಳು. ನಾಯಿಯ ಮೇಲೆ ಮಕ್ಕಳಿಗೆ ಪ್ರೀತಿಯಿಲ್ಲವೆಂದಲ್ಲ. ಆ ಪ್ರೀತಿಗೆ ಹಿರಿಯರ ಜವಾಬ್ದಾರಿಯ ಜೊತೆ ಸಿಕ್ಕಿಲ್ಲ ಅಷ್ಟೆ. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬಿಸ್ ಚುಚ್ಚುಮದ್ದು, ಅನಂತರ ವೈದ್ಯರು ಹೇಳಿದ ದಿನ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ ಕೊಡಿಸುವುದು ವಾಡಿಕೆ. ಸಾಕುನಾಯಿಗೆ ಪಂಚಾಯತಿನ ಲೈಸೆನ್ಸ್ ಪಡೆಯಬೇಕೆಂಬ ನಿಯಮ ಕೇರಳದಲ್ಲಿ 1998ರಿಂದಲೂ ಇದೆ. ಅದಕ್ಕೆ ಬೇಕಾದ ಮುಖ್ಯ ಕಾಗದವೂ ಚುಚ್ಚುಮದ್ದಿನ ಸರ್ಟಿಫಿಕೇಟೇ.

ನಾಯಿ ಸಾಕುವುದು ದೊಡ್ಡಸ್ತಿಕೆಯಲ್ಲ, ಋಣ. ಒಂದು ಹಿಡಿ ಅನ್ನಕ್ಕೆ ಪ್ರತಿಯಾಗಿ ಹನ್ನೆರಡು ಹದಿಮೂರು ವರ್ಷ ಅದು ನಮ್ಮ ಜಗಲಿ ಕಾಯುತ್ತದೆ. ವಾರಕ್ಕೊಂದು ಬೆಳಗನ್ನು ಅದಕ್ಕೆ ಕೊಟ್ಟರೆ ನಮಗೆ ನಷ್ಟವೇನು? ಬರುವ ವಾರ ಮೃಗಾಸ್ಪತ್ರೆಗೆ ಹೋಗಿ ಚುಚ್ಚುಮದ್ದು ಕೊಡಿಸಿರಿ, ಪಂಚಾಯತು ಕಚೇರಿಯ ಕೆಲಸ ಮುಗಿಸಿರಿ. ಅದರ ಮರುವಾರ, ಬಿಸಿಲೇರುವ ಮೊದಲು, ಒಂದು ಬಾಟಲಿ ನೀರು, ಒಂದು ಗೆರಟೆ, ಒಂದು ಗಟ್ಟಿ ಹಗ್ಗ ಹಿಡಿದು ಮಕ್ಕಳನ್ನೂ ಕರೆದುಕೊಂಡು ಪದವಿಗೆ ಹೊರಡಿರಿ. ದಾರಿ ತೋರಿಸುವ ಕೆಲಸವನ್ನು ನಾಯಿಯೇ ಮಾಡುತ್ತದೆ.